ಜ್ವರ ಇಳಿಸುವ ಸೂಜಿಯ ಕಥೆ: ನಮ್ಮ ಕೊಟ್ಟಿಗೆಯಿಂದ ರಾಮದೇವರ ಬೆಟ್ಟದವರೆಗೆ

ಮಳೆ ಹಿಡಿದು ತಂಡಿ ಶುರುವಾದರೆ ನಮ್ಮ ಕಡೆ ಹಸುಗಳಿಗೆ ಕೆಮ್ಮು, ಮೂಗಲ್ಲಿ ಸಿಂಬಳ, ಉಬ್ಬಸ ಕಾಣಿಸಿಕೊಳ್ಳುತ್ತೆ. ಕೆಲವಕ್ಕೆ ಎರಡು ದಿನದಲ್ಲಿ ತಾನೇ ಹೋಗುತ್ತೆ. ಕೆಲವು ಮಾತ್ರ ಮೇವು ಬಿಟ್ಟು, ಕತ್ತು ಮುಂದಕ್ಕೆ ಚಾಚಿ, ಹೊಟ್ಟೆ ಎಳೆದು ಉಸಿರಾಡ್ತಾ ನಿಲ್ಲುತ್ತವೆ. ಡಾಕ್ಟ್ರಿಗೆ ಫೋನ್ ಮಾಡಿದಾಗ ನಾವು ಹೇಳೋದು ಹೆಚ್ಚಾಗಿ ಒಂದೇ ಮಾತು: "ಸಾರ್, ಜ್ವರ ಇಳಿಯೋಕೆ ಒಂದು ಸೂಜಿ ಹಾಕಿ ಬನ್ನಿ."

ಆ ಸೂಜಿ ಎಲ್ಲಿಂದ ಬಂತು, ಅದರಲ್ಲಿ ಏನಿರುತ್ತೆ, ಅದು ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದನ್ನ ಈ ಸಲ ಬರೀತಿದ್ದೀನಿ. ಇದು ಬರೀ ಔಷಧಿಯ ಚರಿತ್ರೆ ಅಲ್ಲ. ಇದೇ ಜಾತಿಯ ಒಂದು ಬಾಟಲಿ ನಮ್ಮ ದೇಶದ ಆಕಾಶದಿಂದ ಕೋಟಿಗಟ್ಟಲೆ ಹಕ್ಕಿಗಳನ್ನ ಇಳಿಸಿಬಿಡ್ತು. ಅದಕ್ಕೆ ಸೂಜಿ ಹಾಕಿಸಿದವರು ನಮ್ಮಂಥ ರೈತರೇ. ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಸೂಜಿ ಬರೋದಕ್ಕೆ ಮುಂಚೆ ಏನಿತ್ತು ಅಂತ ಹಿರಿಯರನ್ನ ಕೇಳಿ ನೋಡಿ. ದನಕ್ಕೆ ಉಬ್ಬಸ ಬಂದರೆ ಪಕ್ಕೆಗೆ ಬರೆ ಹಾಕೋರು. ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಯಿಸಿ ಗೊಟ್ಟದಲ್ಲಿ ಹೊಯ್ಯೋರು. ಬರೆಯಿಂದ ದನಕ್ಕೆ ಇನ್ನೊಂದು ಗಾಯ ಆಗೋದೇ ಹೊರತು ಒಳಗಿನ ಶ್ವಾಸಕೋಶಕ್ಕೆ ಏನೂ ಆಗ್ತಿರಲಿಲ್ಲ. ಗೊಟ್ಟ ಇನ್ನೂ ಅಪಾಯ. ಏದುಸಿರು ಬಿಡ್ತಿರೋ ದನದ ನಾಲಿಗೆ ಹಿಡಿದು ತಲೆ ಎತ್ತಿ ಹೊಯ್ದರೆ ಕಷಾಯ ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತೆ. ಇರೋ ನ್ಯುಮೋನಿಯಾ ಮೇಲೆ ಇನ್ನೊಂದು ನ್ಯುಮೋನಿಯಾ ಸೇರುತ್ತೆ. ಇದು ಈಗಲೂ ನಡೀತಿದೆ, ದಯವಿಟ್ಟು ನಿಲ್ಲಿಸಿ.

ಅದೇ ಕಾಲಕ್ಕೆ ಯುರೋಪಿನಲ್ಲೂ ಜನ ಗಿಡದ ತೊಗಟೆ ಅರೆಯುತ್ತಿದ್ದರು. 1763ರಲ್ಲಿ ಎಡ್ವರ್ಡ್ ಸ್ಟೋನ್ ಅನ್ನೋ ಇಂಗ್ಲೆಂಡಿನ ಪಾದ್ರಿ, ವಿಲ್ಲೋ ಮರದ ತೊಗಟೆ ಪುಡಿ ಕೊಟ್ಟರೆ ಜ್ವರ ಇಳಿಯುತ್ತೆ ಅಂತ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಆ ತೊಗಟೆಯ ಸತ್ವದ ದಾರಿ ಹಿಡಿದು 1897ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಇವತ್ತಿನ ಆಸ್ಪಿರಿನ್ ತಯಾರಾಯ್ತು. 1899ರಲ್ಲಿ ಆ ಹೆಸರಿನಲ್ಲಿ ಮಾರಾಟಕ್ಕೆ ಬಂತು. ತಮಾಷೆ ಅಂದ್ರೆ, ಆ ಮಾತ್ರೆ ದೇಹದೊಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಮುಂದಿನ ಎಪ್ಪತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ. 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ಅದನ್ನ ಬಿಡಿಸಿ ತೋರಿಸಿದರು. ಗಾಯ ಅಥವಾ ಸೋಂಕು ಆದಾಗ ದೇಹ ಪ್ರೋಸ್ಟಗ್ಲಾಂಡಿನ್ ಅನ್ನೋ ವಸ್ತು ತಯಾರಿಸುತ್ತೆ. ಜ್ವರ, ನೋವು, ಬಾವು ಮೂರಕ್ಕೂ ಅದರ ಕೈವಾಡ ಇದೆ. ಆಸ್ಪಿರಿನ್ ಆ ತಯಾರಿಕೆಯನ್ನೇ ತಡೆಯುತ್ತೆ. ಈ ಕೆಲಸಕ್ಕೆ 1982ರಲ್ಲಿ ವೇನ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಹಸುವಿನ ನ್ಯುಮೋನಿಯಾಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಶ್ವಾಸಕೋಶ ಹಾಳು ಮಾಡೋದು ರೋಗಾಣು ಒಂದೇ ಅಲ್ಲ. ಪಾಶ್ಚುರೆಲ್ಲಾ, ಮ್ಯಾನ್‌ಹೈಮಿಯಾ ಥರದ ಬ್ಯಾಕ್ಟೀರಿಯಾ ಒಳಗೆ ಹೊಕ್ಕಾಗ ಅದನ್ನ ಹೊಡೆಯೋಕೆ ದೇಹ ಬಿಳಿ ರಕ್ತಕಣಗಳ ದಂಡನ್ನೇ ಕಳಿಸುತ್ತೆ. ರಕ್ತನಾಳದಿಂದ ನೀರು ಸೋರಿ ಗಾಳಿ ತುಂಬಬೇಕಾದ ಚೀಲಗಳಲ್ಲಿ ತುಂಬಿಕೊಳ್ಳುತ್ತೆ. ಆ ಕಣಗಳು ಸತ್ತು ಒಡೆದಾಗ ಸುತ್ತಲಿನ ಒಳ್ಳೆ ಭಾಗವೂ ಸುಟ್ಟುಹೋಗುತ್ತೆ. ಕಳ್ಳನನ್ನ ಹಿಡಿಯೋಕೆ ಹೋಗಿ ಬಣವೆಗೇ ಬೆಂಕಿ ಬಿದ್ದ ಹಾಗೆ. ಹೀಗೆ ಸುಟ್ಟ ಜಾಗ ಮತ್ತೆ ಮೊದಲಿನ ಹಾಗೆ ಆಗಲ್ಲ. ಕರುವಾಗಿದ್ದಾಗ ಜೋರು ನ್ಯುಮೋನಿಯಾ ಆಗಿ ಬದುಕಿದ ಕಡಸು ಬೆಳವಣಿಗೆಯಲ್ಲಿ ಹಿಂದೆ ಬೀಳೋದಕ್ಕೆ ಇದೂ ಒಂದು ಕಾರಣ.

ಹಾಗಾದ್ರೆ ಬೆಂಕಿ ಆರಿಸೋ ಮದ್ದೂ ಕೊಡಬೇಕಲ್ವಾ ಅನ್ನೋ ಯೋಚನೆ ಬಂತು. ಮೊದಲು ಕೈಗೆ ಸಿಕ್ಕಿದ್ದು ಸ್ಟೀರಾಯ್ಡ್. 1948ರಲ್ಲಿ ಅಮೆರಿಕದಲ್ಲಿ ಕೀಲುಬೇನೆ ರೋಗಿಗಳಿಗೆ ಕಾರ್ಟಿಸೋನ್ ಕೊಟ್ಟಾಗ ಮಲಗಿದ್ದೋರು ಎದ್ದು ನಡೆದರು. ಎರಡೇ ವರ್ಷದಲ್ಲಿ ಅದಕ್ಕೆ ನೊಬೆಲ್. ಅದರ ಮರಿಮಕ್ಕಳಲ್ಲಿ ಒಂದು ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತಿರೋ ಡೆಕ್ಸಾ, ಅಂದರೆ ಡೆಕ್ಸಾಮೆಥಾಸೋನ್. ಹಾಕಿದ ಸ್ವಲ್ಪ ಹೊತ್ತಿಗೇ ಹಸು ಚುರುಕಾಗುತ್ತೆ, ಮೇವಿಗೆ ಬಾಯಿ ಹಾಕುತ್ತೆ. ನೋಡಿದೋರಿಗೆ ಪವಾಡ. ಆದ್ರೆ ಅದು ಬೆಂಕಿ ಆರಿಸೋದರ ಜೊತೆಗೆ ಕಾವಲುಗಾರರನ್ನೂ ಮಲಗಿಸುತ್ತೆ. ರೋಗನಿರೋಧಕ ಶಕ್ತಿ ಕುಗ್ಗುತ್ತೆ. ಮೈಯೊಳಗೆ ಸುಮ್ಮನೆ ಅಡಗಿ ಕೂತಿದ್ದ ಐಬಿಆರ್ ವೈರಸ್ ಎದ್ದು ಕೂರುತ್ತೆ. ಗಬ್ಬದ ಕೊನೆ ತಿಂಗಳುಗಳಲ್ಲಿ ಕೊಟ್ಟರೆ ಹಸು ಕಂದು ಹಾಕೋ ಅಪಾಯ. ಡಾಕ್ಟ್ರು ಒಂದು ಕಾರಣಕ್ಕೆ, ಒಂದು ಅಳತೆಯಲ್ಲಿ ಕೊಟ್ಟರೆ ಅದು ಬೇರೆ ಮಾತು. ಅಂಗಡಿಯಿಂದ ತಂದು ನಾವೇ ಚುಚ್ಚೋ ಮದ್ದು ಅದಲ್ಲ.

ಸ್ಟೀರಾಯ್ಡ್ ಅಲ್ಲದ, ಆಸ್ಪಿರಿನ್ ಕುಲದ ಮದ್ದುಗಳು ದನಗಳಿಗೆ ಬಂದದ್ದು ಆಮೇಲೆ. ಫ್ಲುನಿಕ್ಸಿನ್ 1970ರ ದಶಕದಲ್ಲಿ ಅಮೆರಿಕದಲ್ಲಿ ಕುದುರೆಗಳಿಗೆ ಅಂತ ಶುರುವಾಗಿ, 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ನ್ಯುಮೋನಿಯಾದ ಕರುಗಳ ಮೇಲೆ ಪರೀಕ್ಷೆಗೆ ಬಂತು. ಮೆಲಾಕ್ಸಿಕ್ಯಾಂಗೆ 1998ರಲ್ಲಿ ಯುರೋಪಿನಲ್ಲಿ ಹಸುಗಳಿಗೆ ಅನುಮತಿ ಸಿಕ್ತು. ಆ ಅನುಮತಿಯಲ್ಲಿ ಬರೆದಿರೋ ಮಾತು ನಾವು ಗೋಡೆ ಮೇಲೆ ಬರೆದುಕೊಳ್ಳುವಂಥದ್ದು: ಉಸಿರಾಟದ ತೀವ್ರ ಸೋಂಕಿನಲ್ಲಿ, ಸರಿಯಾದ ಆಂಟಿಬಯಾಟಿಕ್ ಜೊತೆಗೆ, ರೋಗದ ಲಕ್ಷಣ ತಗ್ಗಿಸಲು. "ಜೊತೆಗೆ" ಅನ್ನೋ ಪದ ನೋಡಿ. ಬದಲಿಗೆ ಅಲ್ಲ.

ಯಾಕಂದ್ರೆ ಈ ಸೂಜಿಗೆ ಒಂದೇ ಒಂದು ಬ್ಯಾಕ್ಟೀರಿಯಾ ಕೊಲ್ಲೋ ಶಕ್ತಿ ಇಲ್ಲ. ಜ್ವರ ಇಳಿಸುತ್ತೆ, ನೋವು ಕಡಿಮೆ ಮಾಡುತ್ತೆ, ಹಸು ನೀರು ಮೇವು ಮುಟ್ಟೋ ಹಾಗೆ ಮಾಡುತ್ತೆ. ಅಷ್ಟು ಹೊತ್ತಿಗೆ ಆಂಟಿಬಯಾಟಿಕ್ ತನ್ನ ಕೆಲಸ ಮಾಡಬೇಕು. ಬರೀ ಇದನ್ನೇ ಕೊಟ್ಟರೆ ಸಂಜೆ ಹಸು ಮೇಯುತ್ತೆ, ನಾವು ನೆಮ್ಮದಿಯಾಗಿ ಮಲಗ್ತೀವಿ, ಒಳಗೆ ಶ್ವಾಸಕೋಶ ಕಟ್ಟುತ್ತಾ ಹೋಗುತ್ತೆ. ಮೂರನೇ ದಿನ ಜ್ವರ ಮತ್ತೆ ಏರಿದಾಗ ಬಹಳ ಸಲ ಕಾಲ ಮೀರಿರುತ್ತೆ. ಜ್ವರ ಇಳಿದದ್ದು ರೋಗ ಇಳಿದದ್ದಲ್ಲ. ಗಳಲೆ ರೋಗದಲ್ಲಂತೂ ಇಷ್ಟು ದಿನವೂ ಸಿಗಲ್ಲ. ಗಂಟಲು ಊದಿ, ಗೊರಗೊರ ಉಸಿರು ಬಿಡ್ತಾ ಒಂದೆರಡು ದಿನದೊಳಗೇ ಮುಗಿಸಿಬಿಡುತ್ತೆ.

ಇಲ್ಲಿಂದ ಕಥೆ ಬೇರೆ ದಿಕ್ಕಿಗೆ ತಿರುಗುತ್ತೆ. ಇದೇ ಕುಲದ ಇನ್ನೊಂದು ಮದ್ದು ಡೈಕ್ಲೋಫೆನಾಕ್. 1970ರ ದಶಕದಲ್ಲಿ ಮನುಷ್ಯರ ಕೀಲುನೋವಿಗೆ ಬಂದದ್ದು. 1990ರ ದಶಕದ ಮೊದಲ ಭಾಗದಲ್ಲಿ ನಮ್ಮ ದೇಶದಲ್ಲಿ ದನಗಳಿಗೂ ಬಳಕೆ ಶುರುವಾಯ್ತು. ತುಂಬಾ ಅಗ್ಗ. ಬೇಗ ಗುಣ ಕಾಣೋದು. ಕುಂಟು, ಕೆಚ್ಚಲುಬಾವು, ಜ್ವರ, ಉಬ್ಬಸ, ಎದ್ದೇಳಲಾರದ ಮುದಿ ಎತ್ತು, ಎಲ್ಲಕ್ಕೂ ಅದೇ ಸೂಜಿ. ಹಸುವಿಗೆ ಅದರಿಂದ ದೊಡ್ಡ ತೊಂದರೆ ಕಾಣಲಿಲ್ಲ. ತೊಂದರೆ ಆದದ್ದು ಹಸು ಸತ್ತ ಮೇಲೆ.

ಮೊದಲೆಲ್ಲ ದನ ಸತ್ತರೆ ಊರಾಚೆ ಹಳ್ಳದ ಕಡೆ ಎಳೆದು ಹಾಕೋದು ವಾಡಿಕೆ. ಚರ್ಮ ಸುಲಿಯೋರು ಸುಲಿದುಕೊಂಡು ಹೋದ ಮೇಲೆ ಆಕಾಶದಲ್ಲಿ ಚುಕ್ಕಿ ಥರ ಸುತ್ತುತ್ತಿದ್ದ ರಣಹದ್ದುಗಳು ಇಳಿಯೋವು. ದೊಡ್ಡ ಹಿಂಡು ಕೂತರೆ ಒಂದು ಗಂಟೆಯೊಳಗೆ ಮೂಳೆ ಮಾತ್ರ ಉಳಿಯೋದು. 1980ರ ದಶಕದಲ್ಲಿ ಭಾರತದಲ್ಲಿ ಸುಮಾರು 4 ಕೋಟಿ ರಣಹದ್ದು ಇದ್ದವು ಅಂತ ಅಂದಾಜು. ಇಷ್ಟು ದನ ಇರೋ ದೇಶದಲ್ಲಿ ಊರು ನಾರದೆ ಉಳಿದದ್ದಕ್ಕೆ ಅವೇ ಕಾರಣ. ಸಂಬಳ ಇಲ್ಲದ ಪೌರಕಾರ್ಮಿಕರು ಅನ್ನಬಹುದು.

ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಹಕ್ಕಿಗಳ ಲೆಕ್ಕ ಇಡ್ತಿದ್ದರು. 1980ರ ದಶಕದಲ್ಲಿ ಅಲ್ಲಿ ನೂರಾರು ರಣಹದ್ದು ಗೂಡುಗಳಿದ್ದವು. 1990ರ ದಶಕದ ನಡುವೆ ಹೋಗಿ ನೋಡಿದರೆ ಅರ್ಧಕ್ಕಿಂತ ಕಡಿಮೆ. ಹಕ್ಕಿಗಳು ಕತ್ತು ಜೋತು ಹಾಕಿ ಕೊಂಬೆ ಮೇಲೆ ಕೂತಿರೋವು, ಆಮೇಲೆ ಕೆಳಗೆ ಬಿದ್ದು ಸಾಯೋವು. ಇದನ್ನ ಅವರು 1999ರಲ್ಲಿ ಪ್ರಕಟಿಸಿದರು. ಮೊದಲು ಯಾವುದೋ ವೈರಸ್ ಅಂದುಕೊಂಡರು, ಕೀಟನಾಶಕ ಇರಬಹುದು ಅಂದರು. ಯಾವುದೂ ಲೆಕ್ಕಕ್ಕೆ ಕೂರಲಿಲ್ಲ.

ಗುಟ್ಟು ಬಿಡಿಸಿದ್ದು ಪಾಕಿಸ್ತಾನದ ಪಂಜಾಬಿನಲ್ಲಿ ಕೆಲಸ ಮಾಡ್ತಿದ್ದ ಲಿಂಡ್ಸೆ ಓಕ್ಸ್ ಅನ್ನೋ ಅಮೆರಿಕದ ಪಶುವೈದ್ಯರ ತಂಡ. ಸತ್ತ ಹಕ್ಕಿ ಕೊಯ್ದು ನೋಡಿದರೆ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಕಿಡ್ನಿ ಕೆಟ್ಟು ಹೊರಗೆ ಹೋಗಲಾರದ ಯೂರಿಕ್ ಆಮ್ಲ ಅದು. ಹಾಗಾದ್ರೆ ಕಿಡ್ನಿಗೆ ವಿಷ ಆಗುವಂಥದ್ದು ಏನೋ ಇವುಗಳ ಊಟದಲ್ಲಿ ಸೇರ್ತಿದೆ. ಊಟ ಅಂದ್ರೆ ಸತ್ತ ದನ. ದನಕ್ಕೆ ಏನೇನು ಕೊಡ್ತಾರೆ ಅಂತ ಪಶು ಔಷಧಿ ಅಂಗಡಿಗಳಲ್ಲಿ ವಿಚಾರಿಸಿದಾಗ ಸಿಕ್ಕ ಹೆಸರು ಡೈಕ್ಲೋಫೆನಾಕ್. ಬಿಳಿ ಪದರ ಕಟ್ಟಿ ಸತ್ತ 25 ಹಕ್ಕಿಗಳ ಕಿಡ್ನಿ ಪರೀಕ್ಷೆ ಮಾಡಿದರೆ 25ರಲ್ಲೂ ಅದು ಇತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು.

ಇಲ್ಲಿ ನಾವು ರೈತರು ಸ್ವಲ್ಪ ನಿಂತು ಯೋಚಿಸಬೇಕು. ಡೈಕ್ಲೋಫೆನಾಕ್ ದನದ ಮೈಯಿಂದ ಕೆಲವೇ ದಿನದಲ್ಲಿ ಹೊರಗೆ ಹೋಗಿಬಿಡುತ್ತೆ. ಸೂಜಿ ಹಾಕಿಸಿಕೊಂಡು ಗುಣವಾದ ಹಸುವಿನಿಂದ ಯಾವ ಹದ್ದಿಗೂ ಏನೂ ಆಗಲ್ಲ. ಆಗೋದು ಸೂಜಿ ಹಾಕಿದ ಎರಡು ಮೂರು ದಿನದೊಳಗೆ ಸತ್ತ ಹಸುವಿನಿಂದ. ಯಾವ ದನಕ್ಕೆ ಇಂಥ ಸೂಜಿ ಬೀಳುತ್ತೆ ಹೇಳಿ? ಗಟ್ಟಿಮುಟ್ಟಾಗಿರೋದಕ್ಕಲ್ಲ, ಸಾಯೋ ಹಾಗಿರೋದಕ್ಕೆ. ಕೊನೇ ಪ್ರಯತ್ನ ಅಂತ ಹಾಕಿಸೋ ಸೂಜಿ ಇದು. ನ್ಯುಮೋನಿಯಾ, ಗಳಲೆ ಅದಕ್ಕೆ ತಕ್ಕ ಉದಾಹರಣೆ: ಬೆಳಿಗ್ಗೆ ಸೂಜಿ, ಮರುದಿನ ಸಾವು, ಸಂಜೆಗೆ ಹಳ್ಳದ ಪಾಲು. ಒಂದು ಸತ್ತ ದನಕ್ಕೆ ಹತ್ತಾರು ಹದ್ದು ಇಳಿಯೋದರಿಂದ ಒಂದೇ ಸೂಜಿ ಒಂದು ಹಿಂಡನ್ನೇ ಕೊಲ್ಲೋದು. ನೂರು ಸತ್ತ ದನಗಳಲ್ಲಿ ಒಂದರಲ್ಲಿ ಸಾಕಷ್ಟು ಮದ್ದು ಇದ್ದರೂ ಈ ನಾಶಕ್ಕೆ ಸಾಕು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. 2004-05ರಲ್ಲಿ ಭಾರತದಲ್ಲಿ ಸತ್ತ ದನಗಳ ಯಕೃತ್ತು ಪರೀಕ್ಷೆ ಮಾಡಿದಾಗ ಸುಮಾರು ನೂರಕ್ಕೆ ಹತ್ತರಲ್ಲಿ ಮದ್ದು ಸಿಕ್ಕಿತ್ತು.

1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ಶೇ. 99.9ರಷ್ಟು ಇಳಿದುಹೋಯ್ತು. ಅಂದರೆ ಸಾವಿರ ಇದ್ದ ಕಡೆ ಒಂದು. ಉದ್ದಕೊಕ್ಕಿನ ಜಾತಿಗಳು ಸುಮಾರು ಶೇ. 97. ಈ ಹಕ್ಕಿ ವರ್ಷಕ್ಕೆ ಇಡೋದು ಒಂದೇ ಮೊಟ್ಟೆ, ಮರಿ ದೊಡ್ಡದಾಗಿ ಮೊಟ್ಟೆ ಇಡೋಕೆ ಐದಾರು ವರ್ಷ ಬೇಕು. ಕೋಳಿ ಥರ ಮತ್ತೆ ತುಂಬಿಕೊಳ್ಳಲ್ಲ.

ಹದ್ದು ಹೋದದ್ದಕ್ಕೆ ನಮಗೇನು ನಷ್ಟ ಅನ್ನೋರಿಗೆ ಉತ್ತರ ಬೀದಿನಾಯಿ. ಹೆಣದ ರಾಶಿ ನಾಯಿಗಳ ಪಾಲಾಯ್ತು, ನಾಯಿ ಹೆಚ್ಚಿತು, ಕಡಿತ ಹೆಚ್ಚಿತು, ಹುಚ್ಚುನಾಯಿ ರೋಗ ಹೆಚ್ಚಿತು. ಕೊಳೆತ ಹೆಣದಿಂದ ಕೆರೆ, ಹಳ್ಳದ ನೀರು ಕೆಟ್ಟಿತು. 2000ದಿಂದ 2005ರ ಒಳಗೆ ಹದ್ದು ಕಾಣೆಯಾದ ಜಿಲ್ಲೆಗಳಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರು ಅಂತ 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಒಂದು ಅಧ್ಯಯನ ಅಂದಾಜು ಮಾಡಿದೆ. ಒಂದು ಅಗ್ಗದ ಸೂಜಿಯ ನಿಜವಾದ ಬೆಲೆ ಇದು.

ಸರ್ಕಾರ 2006ರಲ್ಲಿ ದನಗಳ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ನೇಪಾಳ, ಪಾಕಿಸ್ತಾನವೂ ನಿಲ್ಲಿಸಿದವು. ಸುಮ್ಮನೆ ಬೇಡ ಅಂದರೆ ರೈತ ಏನು ಮಾಡಬೇಕು? ಅದಕ್ಕೂ ಉತ್ತರ ಹುಡುಕಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಮತ್ತು ಭಾರತದಲ್ಲಿ ರಣಹದ್ದುಗಳಿಗೆ ಮೆಲಾಕ್ಸಿಕ್ಯಾಂ ಕೊಟ್ಟು ನೋಡಿದಾಗ ಏನೂ ಆಗಲಿಲ್ಲ ಅಂತ 2006ರಲ್ಲೇ ಪ್ರಕಟವಾಯ್ತು. ಹಸುವಿಗೂ ಕೆಲಸ ಮಾಡುತ್ತೆ, ಹದ್ದಿಗೂ ಅಪಾಯ ಇಲ್ಲ. ಈಗ ಬೆಲೆಯೂ ಕೈಗೆಟುಕುತ್ತೆ.

ಆದ್ರೂ ಕಳ್ಳದಾರಿ ಉಳಿಯಿತು. ಮನುಷ್ಯರಿಗೆ ಅಂತ ಮಾಡಿದ ಡೈಕ್ಲೋಫೆನಾಕ್ 30 ಎಂಎಲ್ ಬಾಟಲಿಯಲ್ಲಿ ಬರ್ತಿತ್ತು. ಮನುಷ್ಯನಿಗೆ ಒಂದು ಸಲಕ್ಕೆ 3 ಎಂಎಲ್ ಸಾಕು. ಅಷ್ಟು ದೊಡ್ಡ ಬಾಟಲಿ ಯಾರಿಗೆ ಅಂತ ಎಲ್ಲರಿಗೂ ಗೊತ್ತಿತ್ತು. 2015ರಲ್ಲಿ 3 ಎಂಎಲ್ಗಿಂತ ದೊಡ್ಡದು ಮಾಡಬಾರದು ಅಂತ ಆದೇಶ ಬಂತು. ಕಂಪನಿಗಳು ಕೋರ್ಟಿಗೆ ಹೋದವು, 2017ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶವನ್ನ ಎತ್ತಿಹಿಡಿಯಿತು.

ಇನ್ನೊಂದು ದಾರಿ, ಹೆಸರು ಬದಲಾದ ಅಣ್ಣತಮ್ಮಂದಿರು. ಅಸೆಕ್ಲೋಫೆನಾಕ್ ಹಸುವಿನ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗೇ ಬದಲಾಗುತ್ತೆ. ಕೀಟೋಪ್ರೊಫೆನ್ ಕೂಡ ಹದ್ದುಗಳನ್ನ ಕೊಲ್ಲುತ್ತೆ ಅಂತ ಪರೀಕ್ಷೆಯಲ್ಲಿ ತಿಳೀತು. ಇವೆರಡನ್ನೂ ದನಗಳಿಗೆ ಬಳಸದಂತೆ 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. 2024ರ ಡಿಸೆಂಬರ್ ಕೊನೆಯಲ್ಲಿ ನಿಮೆಸುಲೈಡ್ ಕೂಡ ಆ ಪಟ್ಟಿ ಸೇರಿತು. ನಿಷೇಧ ಆಗಿಲ್ಲದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಅಂತಲ್ಲ. ಯುರೋಪಿನಲ್ಲಿ ಸತ್ತ ರಣಹದ್ದಿನ ದೇಹದಲ್ಲಿ ಫ್ಲುನಿಕ್ಸಿನ್ ಕೂಡ ಸಿಕ್ಕಿದೆ. ಮೆಲಾಕ್ಸಿಕ್ಯಾಂ ಬಿಟ್ಟರೆ ಟೋಲ್ಫೆನಾಮಿಕ್ ಆಮ್ಲ ಹದ್ದುಗಳ ಮೇಲೆ ಪರೀಕ್ಷೆ ಆಗಿ ಸರಿ ಅನ್ನಿಸಿಕೊಂಡಿದೆ.

ಇದು ಎಲ್ಲೋ ಭರತಪುರದ ಮಾತಲ್ಲ. ನಮ್ಮ ರಾಮನಗರದ ರಾಮದೇವರ ಬೆಟ್ಟ ಎಲ್ಲರಿಗೂ ಶೋಲೆ ಸಿನಿಮಾದ ಬಂಡೆ ಅಂತ ಗೊತ್ತು. ಅದೇ ಬಂಡೆಗಳ ಸಂದಿಯಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತೆ. 2012ರಲ್ಲಿ ಸುಮಾರು 346 ಹೆಕ್ಟೇರನ್ನ ರಣಹದ್ದು ಧಾಮ ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಈಗ ಉಳಿದಿರೋದು ಬೆರಳೆಣಿಕೆ. ಬೇಲಿ ಹಾಕಿ ಬೆಟ್ಟ ಕಾಯಬಹುದು, ಆದ್ರೆ ಹದ್ದು ಬೆಟ್ಟದಲ್ಲಿ ಉಣ್ಣಲ್ಲ. ಹತ್ತಾರು ಮೈಲಿ ಹಾರಿ ನಮ್ಮ ನಮ್ಮ ಊರಾಚೆ ಬಿದ್ದಿರೋ ದನ ಹುಡುಕಿಕೊಂಡು ಬರುತ್ತೆ. ಅದರ ಊಟದ ತಟ್ಟೆ ನಮ್ಮ ಕೈಯಲ್ಲಿದೆ.

ಈ ಚರಿತ್ರೆಯಿಂದ ನಮ್ಮ ಕೊಟ್ಟಿಗೆಗೆ ಬೇಕಾದದ್ದು ಇಷ್ಟು.

ಹಸು ಏದುಸಿರು ಬಿಟ್ಟರೆ ಮೊದಲು ಥರ್ಮಾಮೀಟರ್ ಇಡಿ. ಮಾಮೂಲಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನೆರಳಲ್ಲಿ ಸುಮ್ಮನೆ ನಿಂತಾಗ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಸಲ ಪಕ್ಕೆ ಆಡ್ತಿದ್ದರೆ ತಡ ಮಾಡಬೇಡಿ. ಎರಡನ್ನೂ ಬರೆದಿಟ್ಟು ಡಾಕ್ಟ್ರಿಗೆ ಹೇಳಿ. "ಜ್ವರದ ಸೂಜಿ ಹಾಕಿ" ಅನ್ನೋ ಬದಲು "ಶ್ವಾಸಕೋಶ ಕೇಳಿ ನೋಡಿ ಸಾರ್" ಅನ್ನಿ.

ಉರಿಯೂತದ ಸೂಜಿ ಹಾಕಿದರೆ ಅದರ ಜೊತೆ ಆಂಟಿಬಯಾಟಿಕ್ ಇದೆಯಾ, ಎಷ್ಟು ದಿನ ಅಂತ ಕೇಳಿ. ಹಸು ಮೇಯೋಕೆ ಶುರು ಮಾಡ್ತು ಅಂತ ಎರಡನೇ ದಿನಕ್ಕೇ ನಿಲ್ಲಿಸಬೇಡಿ. ಬಾಟಲಿ ಮೇಲಿನ ಕಂಪನಿ ಹೆಸರಲ್ಲ, ಕೆಳಗೆ ಸಣ್ಣಕ್ಷರದಲ್ಲಿರೋ ಮದ್ದಿನ ಹೆಸರು ಓದಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್ ಇದ್ದರೆ ವಾಪಸ್ ಕೊಟ್ಟು ಮೆಲಾಕ್ಸಿಕ್ಯಾಂ ಕೇಳಿ. ಎರಡು ಥರದ ನೋವಿನ ಸೂಜಿ ಒಟ್ಟಿಗೆ ಬೇಡ, ಡೆಕ್ಸಾ ಜೊತೆಗಂತೂ ಬೇಡವೇ ಬೇಡ, ಹೊಟ್ಟೆಯೊಳಗೆ ಹುಣ್ಣಾಗುತ್ತೆ. ನೀರು ಕುಡಿಯದೆ ಒಣಗಿದ ಹಸುವಿಗೆ ಮೊದಲು ನೀರಿನಂಶ ಹೋಗಬೇಕು, ಇಲ್ಲದಿದ್ದರೆ ಅದರ ಕಿಡ್ನಿಗೂ ಏಟು.

ಹಾಲಿನ ವಿಚಾರ ಮರೀಬೇಡಿ. ಯುರೋಪಿನ ಲೇಬಲ್ ಪ್ರಕಾರ ಮೆಲಾಕ್ಸಿಕ್ಯಾಂ ಹಾಕಿದ ಮೇಲೆ 5 ದಿನ ಹಾಲು ಮನುಷ್ಯರ ಬಳಕೆಗೆ ಬರಲ್ಲ. ನಿಮ್ಮ ಬಾಟಲಿಯ ಚೀಟಿಯಲ್ಲಿ ಎಷ್ಟಿದೆ ನೋಡಿ, ಜೊತೆಗಿನ ಆಂಟಿಬಯಾಟಿಕ್ಕಿಗೆ ಎಷ್ಟು ದಿನ ಅಂತಲೂ ನೋಡಿ, ಯಾವುದು ಹೆಚ್ಚೋ ಅಷ್ಟು ದಿನ ಡೇರಿಗೆ ಹಾಕಬೇಡಿ.

ಚಿಕಿತ್ಸೆ ನಡೀತಿದ್ದಾಗ ಹಸು ಸತ್ತರೆ ಹಳ್ಳಕ್ಕೆ ಎಳೆಯಬೇಡಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಗಳಲೆಯಂಥ ಅಂಟುರೋಗ ಆಗಿದ್ದರೆ ಪಕ್ಕದ ಮನೆ ದನ ಉಳಿಯೋಕೂ ಇದು ಬೇಕು. ಮತ್ತೆ ಎಲ್ಲಕ್ಕಿಂತ ಅಗ್ಗದ ಮದ್ದು ಮಳೆಗೆ ಮುಂಚೆ ಹಾಕಿಸೋ ಗಳಲೆ ಲಸಿಕೆ ಮತ್ತು ಗಾಳಿ ಆಡೋ, ಗಂಜಲ ನಿಲ್ಲದ ಕೊಟ್ಟಿಗೆ. ಗಂಜಲದ ಘಾಟು ನಮ್ಮ ಕಣ್ಣಿಗೆ ಉರಿ ತರ್ತಿದೆ ಅಂದ್ರೆ ಅಲ್ಲೇ ಕಟ್ಟಿರೋ ಕರುವಿನ ಶ್ವಾಸಕೋಶದ ಗತಿ ಯೋಚಿಸಿ.

1990ರ ದಶಕದಲ್ಲಿ ನಮ್ಮ ಅಪ್ಪಂದಿರು ಬಾಟಲಿ ಓದದೆ ಸೂಜಿ ಹಾಕಿಸಿದ್ದಕ್ಕೆ ಅವರನ್ನ ಯಾರೂ ದೂರೋ ಹಾಗಿಲ್ಲ, ಓದಿದ್ದರೂ ಅದರಲ್ಲಿ ಹದ್ದಿನ ಸುದ್ದಿ ಇರಲಿಲ್ಲ. ನಮಗೆ ಆ ವಿನಾಯಿತಿ ಇಲ್ಲ. ನಿಮ್ಮ ಕೊಟ್ಟಿಗೆಯ ಗೂಡಿನಲ್ಲಿ, ಕಿಟಕಿ ಮೇಲೆ ಅರ್ಧ ಖಾಲಿಯಾದ ಹಳೇ ಬಾಟಲಿಗಳು ಇದ್ದೇ ಇರ್ತವೆ. ಇವತ್ತು ಸಂಜೆ ಹಾಲು ಕರೆದಾದ ಮೇಲೆ ಒಂದೊಂದನ್ನೇ ತೆಗೆದು ಹೆಸರು ಓದಿ.